ಬಿಸಿಲು, ಎರೆಮಣ್ಣು ಮತ್ತು ಗಾಡಿಯ ಒಳನೆಲ: ನಾವೇ ಬಳಿದುಕೊಳ್ಳಬಹುದಾದ ಲೈನರ್ ಲೇಪನಗಳ ವಿಮರ್ಶೆ

ಹಳೆಯ ಥಾರ್, ಜಿಪ್ಸಿ, ಮೇಜರ್ ಜೀಪುಗಳ ಒಳನೆಲಕ್ಕೆ ಹಾಸಿ ಬರುವ ಕಾರ್ಪೆಟ್ಟಾಗಲಿ ರಬ್ಬರ್ ಮ್ಯಾಟಾಗಲಿ ಕಲಬುರಗಿ ಸೀಮೆಯ ಹೊಲದ ದಾರಿಗಳಿಗೆ ಒಗ್ಗುವುದಿಲ್ಲ. ಮಳೆಗಾಲದಲ್ಲಿ ಬೂಟಿಗೆ ಮೆತ್ತಿಕೊಂಡು ಬರುವ ಎರೆಮಣ್ಣು ಕಾರ್ಪೆಟ್ಟಿನ ಎಳೆಗಳೊಳಗೆ ಇಳಿದು ಒಣಗಿತೆಂದರೆ ಬಡಿದರೂ ಬಿಡದು. ಉಳಿದ ತಿಂಗಳುಗಳಲ್ಲಿ ಸೇಡಂ, ವಾಡಿ, ಶಹಾಬಾದ್ ಕಡೆಯ ಸುಣ್ಣಕಲ್ಲಿನ ನುಣುಪು ಧೂಳು ಸೀಟಿನಡಿಯವರೆಗೂ ಹೋಗಿ ಕೂರುತ್ತದೆ. ಇವೆರಡಕ್ಕಿಂತ ಹೆಚ್ಚಿನ ಹಾನಿ ಹಾಸಿನ ಕೆಳಗೆ ನಡೆಯುತ್ತದೆ. ಅಲ್ಲಿ ನಿಂತ ತೇವ ಆರಲು ದಾರಿಯಿಲ್ಲದೆ ತಗಡಿಗೆ ತುಕ್ಕು ಹಿಡಿಸುತ್ತದೆ, ಚಾಲಕನ ಕಾಲಡಿಯ ಮೂಲೆಯಲ್ಲಿ ತೂತು ಬೀಳುವ ತನಕ ಅದು ಯಾರ ಗಮನಕ್ಕೂ ಬರುವುದಿಲ್ಲ. ಹಾಸನ್ನು ಕಿತ್ತೆಸೆದು, ತಗಡಿನ ಮೇಲೆಯೇ ನೀರು ಸುರಿದು ತೊಳೆಯಬಹುದಾದ ಗಟ್ಟಿ ಲೇಪನವೊಂದನ್ನು, ಅಂದರೆ ಲೈನರನ್ನು, ಬಳಿಯುವ ವಿಚಾರ ಹುಟ್ಟುವುದು ಇಲ್ಲಿಂದಲೇ. ನನ್ನ ಹಳೆಯ ಮಾದರಿಯ ಥಾರ್‌ಗೆ ಇಂಥ ಲೇಪನವನ್ನು ಆರಿಸಿ, ಬಳಿದು, ಅದು ಬೇಸಿಗೆಯನ್ನೂ ಮಳೆಗಾಲವನ್ನೂ ಕಂಡ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಮೊದಲಿಗೆ ನನ್ನ ತೀರ್ಪನ್ನು ಹೇಳಿಬಿಡುತ್ತೇನೆ. ನಮ್ಮ ಭಾಗದ ಹವೆಗೆ ಗಟ್ಟಿಕಾರಕವನ್ನು ಬೆರೆಸಿ ಬಳಸುವ ಎರಡು ಘಟಕಗಳ ಪಾಲಿಯುರೆಥೇನ್ (ಒಂದು ಬಗೆಯ ಪ್ಲಾಸ್ಟಿಕ್) ಲೇಪನವೇ ಸರಿಯಾದ ಆಯ್ಕೆ. ಅದನ್ನು ಚಳಿಗಾಲದಲ್ಲಿ ಬಳಿಯಬೇಕು; ಬಣ್ಣ ಬೂದಿಯಾಗಿದ್ದು ಮೇಲ್ಮೈ ಸಣ್ಣ ತರಿಯದಾಗಿದ್ದರೆ ಒಳ್ಳೆಯದು. ಜಾಹೀರಾತುಗಳಲ್ಲಿ ಸುತ್ತಿಗೆಯಿಂದ ಬಡಿದು ತೋರಿಸುವ ಗಟ್ಟಿತನಕ್ಕೆ ಗಾಡಿಯ ಒಳಗೆ ಅಷ್ಟು ಬೆಲೆಯಿಲ್ಲ. ಕಲ್ಲು, ಸಿಮೆಂಟ್ ಚೀಲ ಎಳೆದಾಡುವ ಪಿಕಪ್ ಹಿಂಬದಿಗೆ ಆ ಗುಣ ಬೇಕು. ಕಾಲಿಡುವ ಜಾಗಕ್ಕೆ ಬೇಕಾದದ್ದು ತಗಡನ್ನು ಬಿಡದೆ ಹಿಡಿಯುವ ಗುಣ, ಬಿಸಿಲಿಗೆ ಮೆತ್ತಗಾಗದಿರುವ ಗುಣ ಮತ್ತು ಸುಲಭವಾಗಿ ತೊಳೆದುಹೋಗುವ ಮೇಲ್ಮೈ.

ಕಲಬುರಗಿಯ ಬಣ್ಣದ ಅಂಗಡಿಗಳಲ್ಲಿ ಲೈನರ್ ಕೇಳಿದರೆ ಸಾಮಾನ್ಯವಾಗಿ ಮುಂದಿಡುವುದು ಗಾಡಿಯ ಕೆಳಭಾಗಕ್ಕೆ ಹೊಡೆಯುವ ಟಾರು ಆಧಾರಿತ ಅಂಡರ್‌ಬಾಡಿ ಕೋಟಿಂಗನ್ನು. ಅಗ್ಗವೂ ಹೌದು, ಡಬ್ಬಿ ತೆರೆದು ಬ್ರಷ್‌ನಿಂದ ಬಳಿದರೆ ಕೆಲಸವೂ ಮುಗಿಯಿತು. ಒಳಗಡೆಗೆ ಮಾತ್ರ ಇದನ್ನು ಖಂಡಿತ ಬಳಸಬಾರದು. ಮೇ ತಿಂಗಳಲ್ಲಿ ಹೊರಗೆ 43 ಡಿಗ್ರಿ ಇರುವಾಗ ಗಾಜು ಮುಚ್ಚಿ ನಿಲ್ಲಿಸಿದ ಗಾಡಿಯ ಒಳಗೆ 60 ಡಿಗ್ರಿಯನ್ನು ಮೀರಿದ ಕಾವಿರುತ್ತದೆ. ಆ ಕಾವಿಗೆ ಟಾರು ಮೆತ್ತಗಾಗಿ ಚಪ್ಪಲಿಗೆ ಅಂಟುತ್ತದೆ, ಅದರ ವಾಸನೆ ಗಾಡಿಯೊಳಗೇ ಉಳಿಯುತ್ತದೆ. ಚಕ್ರದ ಗೂಡಿನ ಹೊರಬದಿಗೆ ಅದು ಒಳ್ಳೆಯ ಸಾಮಾನು, ಅಲ್ಲಿಗೇ ಇರಲಿ.

ಇನ್ನೊಂದು ತುದಿಯಲ್ಲಿ ಲೈನ್-ಎಕ್ಸ್‌ನಂಥ ಪಾಲಿಯೂರಿಯಾ ಲೇಪನಗಳಿವೆ. ಎರಡು ದ್ರವಗಳನ್ನು ಕಾಯಿಸಿ, ಭಾರೀ ಒತ್ತಡದಲ್ಲಿ ಒಟ್ಟಿಗೆ ಸಿಂಪಡಿಸುವ ಯಂತ್ರವಿಲ್ಲದೆ ಅವನ್ನು ಹಾಕಲಾಗದು. ಗುಣದಲ್ಲಿ ಇವು ಎಲ್ಲಕ್ಕಿಂತ ಮೇಲಾದರೂ ಮನೆಯಂಗಳದಲ್ಲಿ ಮಾಡುವ ಕೆಲಸದ ಲೆಕ್ಕಕ್ಕೆ ಬರುವುದಿಲ್ಲ.

ನಿಜವಾದ ಆಯ್ಕೆ ಇರುವುದು ಇವುಗಳ ನಡುವೆ. ಒಂದು ಬಗೆಯದು ಹರ್ಕ್ಯುಲೈನರ್‌ನಂತೆ ಒಂದೇ ಡಬ್ಬಿಯಲ್ಲಿ ಬರುವ, ರಬ್ಬರಿನ ಕಣಗಳನ್ನು ಬೆರೆಸಿದ ಪಾಲಿಯುರೆಥೇನ್. ಕಲಕಿ, ರೋಲರ್‌ನಿಂದ ಉರುಳಿಸಿದರೆ ಸಾಕು. ಕಂಪ್ರೆಸರ್ ಬೇಡ, ಅಳತೆ ಬೇಡ. ಆದರೆ ಇದು ಗಟ್ಟಿಯಾಗುವುದು ಗಾಳಿಯಲ್ಲಿರುವ ತೇವವನ್ನು ಹೀರಿಕೊಂಡು, ಮತ್ತು ನಮ್ಮ ಊರಿನ ಬೇಸಿಗೆಯ ಗಾಳಿಯಲ್ಲಿ ತೇವವೇ ಇರುವುದಿಲ್ಲ. ಕರಾವಳಿಯಲ್ಲಿ ಬೇಗ ಆರುವ ಲೇಪನ ಇಲ್ಲಿಯ ಏಪ್ರಿಲ್‌ನ ಒಣಹವೆಯಲ್ಲಿ ಬಹಳ ಹೊತ್ತು ಅಂಟಂಟಾಗಿಯೇ ಉಳಿಯುತ್ತದೆ. ಅಷ್ಟರಲ್ಲಿ ಸಂಜೆಯ ಗಾಳಿ ಎಬ್ಬಿಸಿದ ಧೂಳೆಲ್ಲ ಅದರ ಮೇಲೆ ಕೂತಿರುತ್ತದೆ. ಮಳೆ ನಿಂತ ಮೇಲಿನ ದಿನಗಳಲ್ಲಿ ಬಳಿದರೆ ಈ ತೊಂದರೆ ಕಡಿಮೆ. ಇದರ ಎರಡನೆಯ ಕೊರತೆ ರಬ್ಬರಿನ ಕಣಗಳದೇ. ಅವು ಕಾಲಿಗೆ ಹಿಡಿತ ಕೊಡುತ್ತವೆ ನಿಜ, ಆದರೆ ಎರೆಮಣ್ಣಿಗೂ ಅಷ್ಟೇ ಹಿಡಿತ ಕೊಡುತ್ತವೆ. ನೀರು ಕುಡಿದು ಉಬ್ಬುವ, ಒಣಗಿದಾಗ ಕುಗ್ಗಿ ಬಿರಿಯುವ ಈ ಜೇಡಿ ದೊಡ್ಡ ತರಿಗಳ ಸಂದಿನಲ್ಲಿ ಸೇರಿಕೊಂಡರೆ ಬರೀ ಪೈಪಿನ ನೀರಿಗೆ ಬಗ್ಗುವುದಿಲ್ಲ, ಗಡುಸು ಬ್ರಷ್ ಹಿಡಿದು ತಿಕ್ಕಬೇಕಾಗುತ್ತದೆ. ಬೀದರ್‌ನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಓಡಾಡುವವರಿಗೆ ಈ ಕಾಟ ಅಷ್ಟಿಲ್ಲ. ಅಲ್ಲಿಯ ಮಣ್ಣು ನೀರಿಗೆ ಬೇಗ ಬಿಡುತ್ತದೆ.

ನಾನು ಕೊಂಡದ್ದು ಎರಡನೆಯ ಬಗೆಯದನ್ನು, ಯು-ಪೋಲ್ ಕಂಪನಿಯ ರ‍್ಯಾಪ್ಟರ್ ಕಿಟ್. ಈ ಕಂಪನಿ 2021ರಿಂದ ಅಮೆರಿಕದ ಬಣ್ಣದ ಕಂಪನಿ ಆಕ್ಸಾಲ್ಟಾದ ಒಡೆತನದಲ್ಲಿದೆ. ಕಿಟ್ಟಿನಲ್ಲಿ ಲೇಪನದ ನಾಲ್ಕು ಬಾಟಲಿಗಳಿದ್ದು, ಪ್ರತಿಯೊಂದರಲ್ಲಿ 750 ಮಿಲಿಲೀಟರ್ ತುಂಬಿ ಮೇಲೆ ಜಾಗ ಬಿಟ್ಟಿರುತ್ತಾರೆ. ಜೊತೆಗೆ ಬರುವ ಒಂದು ಲೀಟರ್ ಗಟ್ಟಿಕಾರಕದಿಂದ 250 ಮಿಲಿಲೀಟರನ್ನು ಆ ಖಾಲಿ ಜಾಗಕ್ಕೆ ಸುರಿದು ಕುಲುಕಿದರೆ ಮೂರಕ್ಕೆ ಒಂದರ ಪ್ರಮಾಣ ತಾನಾಗಿಯೇ ಕೂಡಿಬರುತ್ತದೆ. ಬಾಟಲಿಯ ಬಾಯಿಗೇ ಗನ್ ತಿರುಗಿಸಿ ಹೊಡೆಯಬಹುದಾದ್ದರಿಂದ ಬೇರೆ ಪಾತ್ರೆಯೂ ಬೇಕಿಲ್ಲ. ಬಳಸುವವನ ಕೈಯಲ್ಲಿ ಅಳತೆ ತಪ್ಪದಂತೆ ಮಾಡಿರುವ ಈ ವ್ಯವಸ್ಥೆ ನನಗೆ ಬಹಳ ಮೆಚ್ಚುಗೆಯಾಯಿತು. ಗಟ್ಟಿಯಾಗಲು ಬೇಕಾದ ರಾಸಾಯನಿಕ ಬಾಟಲಿಯೊಳಗೇ ಇರುವುದರಿಂದ ಇದು ಹೊರಗಿನ ಹವೆಯ ತೇವವನ್ನು ಕಾಯುತ್ತ ಕೂರುವುದಿಲ್ಲ, ಮತ್ತು ನಮ್ಮ ಒಣ ನಾಡಿಗೆ ಇದನ್ನು ಆರಿಸಲು ಮುಖ್ಯ ಕಾರಣವೂ ಅದೇ.

ನಾಲ್ಕು ಲೀಟರ್ ಎಷ್ಟು ಜಾಗಕ್ಕೆ ಸಾಕು ಎಂಬ ಲೆಕ್ಕ ಸುಲಭ. ಥಾರ್‌ನ ಒಳನೆಲ, ಹಿಂದಿನ ಚಕ್ರಗಳ ಉಬ್ಬು, ಹಿಂಬಾಗಿಲಿನ ಒಳಮೈ ಎಲ್ಲ ಸೇರಿ ಸುಮಾರು 6 ಚದರ ಮೀಟರ್ ಎಂದಿಟ್ಟುಕೊಂಡರೆ, ಅಷ್ಟೂ ಲೇಪನ ಹಸಿಯಾಗಿರುವಾಗ ಒಂದು ಮಿಲಿಮೀಟರಿನ ಮೂರನೇ ಎರಡು ಭಾಗದಷ್ಟು ದಪ್ಪ ಬರುತ್ತದೆ. ಅದನ್ನು ಎರಡು ಪದರಗಳಾಗಿ ಹಂಚಬೇಕು. ದ್ರಾವಕ ಆರಿಹೋದ ಮೇಲೆ ದಪ್ಪ ಇನ್ನೂ ಕಡಿಮೆಯಾಗುತ್ತದೆ. ಇಷ್ಟು ತೆಳುವಾದ ಪದರ ಬಿಸಿಲಿನ ಕಾವನ್ನು ತಡೆಯುತ್ತದೆಂದು ನಂಬಿ ಕೊಳ್ಳುವವರಿದ್ದಾರೆ, ತಡೆಯುವುದಿಲ್ಲ. ಖಾಲಿ ತಗಡಿನ ಗಣಗಣ ಸದ್ದು ಸ್ವಲ್ಪ ಮಂದವಾಗುತ್ತದೆ, ಅಷ್ಟೇ. ಕಾವು ತಡೆಯಲೆಂದೇ ಬರುವ ಲಿಝರ್ಡ್‌ಸ್ಕಿನ್‌ನಂಥ ನೀರು ಆಧಾರಿತ, ಸೆರಾಮಿಕ್ ಕಣಗಳ ಲೇಪನಗಳು ಬೇರೆ ಇವೆ. ಅವನ್ನು ಕೆಳಪದರವಾಗಿ ಬಳಿದು ಮೇಲೆ ಗಟ್ಟಿ ಲೇಪನ ಹಾಕುವುದು ಕ್ರಮ. ಎಂಜಿನ್ ಮತ್ತು ಗೇರ್‌ಬಾಕ್ಸಿನ ಕಾವು ಕಾಲಿಗೆ ತಟ್ಟುವ ಹಳೆಯ ಗಾಡಿಗಳಲ್ಲಿ ಈ ಎರಡನೆಯ ಖರ್ಚಿಗೂ ಅರ್ಥವಿದೆ.

ಬಳಿಯುವ ಕಾಲದ ಬಗ್ಗೆ ಒಂದಿಷ್ಟು ವಿವರವಾಗಿ ಹೇಳಬೇಕು, ಏಕೆಂದರೆ ಡಬ್ಬಿಯ ಮೇಲಿನ ಸೂಚನೆಗಳೆಲ್ಲ 20 ಡಿಗ್ರಿಯ ಹವೆಯನ್ನು ಊಹಿಸಿ ಬರೆದವು. ಆ ಹವೆಯಲ್ಲಿ ಬೆರೆಸಿದ ಲೇಪನ ಸುಮಾರು ಒಂದು ಗಂಟೆ ಕೆಲಸಕ್ಕೆ ಬರುತ್ತದೆ. ಹತ್ತು ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬ ಸ್ಥೂಲ ನಿಯಮವನ್ನು ಹಿಡಿದರೆ, 40 ಡಿಗ್ರಿಯಲ್ಲಿ ಕಾಲು ಗಂಟೆಗೇ ಬಾಟಲಿಯೊಳಗೆ ಮಂದವಾಗತೊಡಗುತ್ತದೆ. ತಗಡು ಕೈ ಇಡಲಾಗದಷ್ಟು ಕಾದಿದ್ದರಂತೂ ಹನಿಗಳು ಹರಡಿ ಸಮವಾಗುವ ಮೊದಲೇ ಸೆಟೆದು ನಿಲ್ಲುತ್ತವೆ. ಡಿಸೆಂಬರ್, ಜನವರಿಯ ಮುಂಜಾನೆಯ ತಂಪು ಹೋಗಿ ಬಿಸಿಲು ಹದವಾದ ಹೊತ್ತು ಈ ಕೆಲಸಕ್ಕೆ ಸರಿಯಾದದ್ದು. ತೊಗರಿ ರಾಶಿಯ ಕಾಲವಾದ್ದರಿಂದ ಹೊಲವಿದ್ದವರಿಗೆ ಗಾಡಿಯನ್ನು ಒಂದು ವಾರ ಬಿಟ್ಟಿರುವುದು ಕಷ್ಟ ಎಂಬುದೂ ನಿಜವೇ. ಪೂರ್ತಿ ಗಟ್ಟಿಯಾಗಲು ಹೆಚ್ಚುಕಡಿಮೆ ಅಷ್ಟು ಸಮಯ ಕೊಡಬೇಕು, ಅಲ್ಲಿಯವರೆಗೆ ಭಾರದ ಸಾಮಾನು ಇಡಬಾರದು.

ಲೇಪನ ಎಷ್ಟೇ ಉತ್ತಮವಿದ್ದರೂ ಕೆಳಗಿನ ತಗಡು ಸಿದ್ಧವಾಗಿರದಿದ್ದರೆ ಹಾಳೆಯ ಹಾಗೆ ಎದ್ದುಬರುತ್ತದೆ. ತುಕ್ಕನ್ನು ಮುಚ್ಚಿ ಬಳಿದರೆ ಅದು ಒಳಗೊಳಗೇ ಹರಡುತ್ತದೆ, ಹೊರಗಿನಿಂದ ಕಾಣುವುದೂ ಇಲ್ಲ. ವೈರ್ ಬ್ರಷ್ ಹಾಕಿ ತಗಡು ಹೊಳೆಯುವ ತನಕ ಉಜ್ಜಿ, ತೂತುಗಳಿದ್ದರೆ ವೆಲ್ಡಿಂಗ್ ಮಾಡಿಸಿ, ಬರೀ ತಗಡು ಕಾಣುವ ಕಡೆಯೆಲ್ಲ ಎಪಾಕ್ಸಿ ಪ್ರೈಮರ್ ಹಾಕಬೇಕು. ಹಳೆಯ ಬಣ್ಣ ಗಟ್ಟಿಯಾಗಿದ್ದರೆ ಕೀಳುವ ಅಗತ್ಯವಿಲ್ಲ, 180ರ ಮರಳು ಕಾಗದದಿಂದ ಹೊಳಪು ಪೂರ್ತಿ ಹೋಗುವಂತೆ ಉಜ್ಜಿದರೆ ಸಾಕು. ನಮ್ಮ ಗ್ಯಾರೇಜುಗಳಲ್ಲಿ ಬಣ್ಣ ಹೊಡೆಯುವ ಮುನ್ನ ಪೆಟ್ರೋಲ್ ಒರೆಸುವ ರೂಢಿಯಿದೆ; ಅದು ಎಣ್ಣೆಯ ಸಣ್ಣ ಪದರವನ್ನು ಉಳಿಸುವುದರಿಂದ ಈ ಕೆಲಸಕ್ಕೆ ಬೇಡ, ಗ್ರೀಸ್ ತೆಗೆಯುವ ದ್ರಾವಕವನ್ನೇ ಕೇಳಿ ತರಬೇಕು. ಸೀಟಿನ ಬೋಲ್ಟುಗಳ ಮರೆ, ಸೀಟ್‌ಬೆಲ್ಟ್ ಕಟ್ಟುವ ಜಾಗ, ವೈರಿಂಗ್‌ನ ಅರ್ಥಿಂಗ್ ಬಿಂದುಗಳು, ನೀರು ಹೋಗುವ ತೂತುಗಳು ಮತ್ತು ಕಂಪನಿ ಕೂರಿಸಿದ ನಂಬರ್ ಪಟ್ಟಿಗಳು, ಇವಕ್ಕೆಲ್ಲ ಟೇಪ್ ಅಂಟಿಸುವುದನ್ನು ಮರೆಯಬಾರದು. ಅರ್ಥಿಂಗ್ ಬಿಂದುವಿನ ಮೇಲೆ ಲೇಪನ ಕೂತರೆ ಆಮೇಲೆ ಲೈಟು ಮಿಣುಕುವುದಕ್ಕೆ ಕಾರಣ ಹುಡುಕುತ್ತ ಎಲೆಕ್ಟ್ರಿಷಿಯನ್ ಬಳಿ ಅಲೆಯಬೇಕಾಗುತ್ತದೆ.

ಗನ್ ಬಳಸುವವರು ಕಂಪ್ರೆಸರ್ ಬಗ್ಗೆ ಎಚ್ಚರ ವಹಿಸಬೇಕು. ಪಂಕ್ಚರ್ ಅಂಗಡಿಯ ಕಂಪ್ರೆಸರಿನ ಟ್ಯಾಂಕಿನಲ್ಲಿ ನೀರು ಸೇರಿರುವುದು ಸಾಮಾನ್ಯ. ಗಟ್ಟಿಕಾರಕದಲ್ಲಿರುವ ಐಸೊಸಯನೇಟ್ ನೀರಿನೊಂದಿಗೆ ಸೇರಿದಾಗ ಇಂಗಾಲದ ಡೈಆಕ್ಸೈಡ್ ಹೊರಬಂದು ಲೇಪನದ ತುಂಬ ಗುಳ್ಳೆಗಳೇಳುತ್ತವೆ, ಆದ್ದರಿಂದ ನೀರು ಹಿಡಿಯುವ ಫಿಲ್ಟರ್ ಇಲ್ಲದೆ ಕೆಲಸ ಆರಂಭಿಸಬಾರದು. ಇದೇ ಐಸೊಸಯನೇಟ್ ಉಸಿರಿನಲ್ಲಿ ಹೋದರೆ ಆಸ್ತಮಾ ತರಬಲ್ಲದು, ಒಮ್ಮೆ ಅಲರ್ಜಿ ಹುಟ್ಟಿದರೆ ಮುಂದೆ ಅತ್ಯಲ್ಪ ಪ್ರಮಾಣವೂ ಸಾಕಾಗುತ್ತದೆ. ಮೂಗಿಗೆ ದಸ್ತಿ ಕಟ್ಟಿಕೊಂಡು ಸಿಂಪಡಿಸುವುದನ್ನು ಇಲ್ಲಿ ಎಲ್ಲ ಕಡೆ ಕಾಣಬಹುದು. ಅದರಿಂದ ಏನೂ ಉಪಯೋಗವಿಲ್ಲ. ಸಿಂಪಡಿಸುವವರಿಗೆ ಹೊರಗಿನ ಶುದ್ಧ ಗಾಳಿ ಒದಗಿಸುವ ಮುಖಕವಚ ಬೇಕು, ಅದು ಮನೆಯಲ್ಲಿ ಇರುವಂಥ ವಸ್ತುವಲ್ಲ. ಈ ಕಾರಣಕ್ಕೇ ನಾನು ಗನ್ ಬಿಟ್ಟು ರೋಲರ್ ಹಿಡಿದೆ. ರೋಲರ್‌ನಲ್ಲಿ ಮಂಜಿನಂತೆ ಹನಿ ಹಾರುವುದಿಲ್ಲ, ಸಮತೆಯಲ್ಲಿ ಒಂದಿಷ್ಟು ಕೊರತೆ ಕಂಡರೂ ಸೀಟು ಕೂರಿಸಿದ ಮೇಲೆ ಅದನ್ನು ನೋಡುವವರಾದರೂ ಯಾರು. ಬಾಗಿಲುಗಳನ್ನೆಲ್ಲ ತೆರೆದು, ಕೈಗವಸು, ಕನ್ನಡಕ ಮತ್ತು ದ್ರಾವಕದ ಆವಿ ಹಿಡಿಯುವ ಕಾರ್ಟ್ರಿಜ್ ಮಾಸ್ಕನ್ನು ಮಾತ್ರ ಆಗಲೂ ಬಿಡಬಾರದು.

ಫಲಿತಾಂಶಕ್ಕೆ ಬರುವುದಾದರೆ, ಬಳಕೆಯಲ್ಲಿ ಲೇಪನ ಎಲ್ಲೂ ಎದ್ದಿಲ್ಲ, ಬಿಸಿಲಿಗೆ ಮೆತ್ತಗಾಗಿಲ್ಲ. ಕಾಗಿಣಾ ದಂಡೆಯ ಹೊಲಗಳಿಂದ ಬಂದ ಕೆಸರು ಹಸಿಯಿರುವಾಗಲೇ ನೀರು ಹಾಕಿದರೆ ಬಿಡುತ್ತದೆ, ಒಣಗಲು ಬಿಟ್ಟರೆ ತುಸು ತಿಕ್ಕಬೇಕು. ಕಪ್ಪು ಬಣ್ಣ ಕೊಳ್ಳದಿದ್ದದ್ದು ಒಳ್ಳೆಯದೇ ಆಯಿತು: ಎರೆಮಣ್ಣು ಹಸಿಯಿದ್ದಾಗ ಕಪ್ಪಾದರೂ ಒಣಗಿದಾಗ ಬೂದಿಯಾಗುತ್ತದೆ, ಸುಣ್ಣಕಲ್ಲಿನ ಧೂಳಂತೂ ಬಿಳಿಚು, ಕಪ್ಪು ನೆಲದ ಮೇಲೆ ಎರಡೂ ಎದ್ದುಕಾಣುತ್ತವೆ. ಬಣ್ಣ ಬೆರೆಸಬಹುದಾದ ಮಾದರಿಯನ್ನು ತರಿಸಿ ನಡುವಣ ಬೂದಿ ಮಾಡಿಕೊಂಡರೆ ಮೇಲ್ಛಾವಣಿ ತೆಗೆದು ಓಡಿಸುವಾಗ ನೆಲದ ಕಾವೂ ಕಡಿಮೆ. ಬರಿಗಾಲಿನಲ್ಲಿ ಕೂರುವವರಿಗೆ ಮೇಲ್ಮೈ ಒರಟೆನಿಸುತ್ತದೆ. ಮಂಡಿಯೂರಿ ಸೀಟಿನಡಿ ಕೈಹಾಕಿದರೆ ತರಚುವುದೂ ಉಂಟು. ಗೀರು ಬಿದ್ದ ಕಡೆ ಉಜ್ಜಿ ಮತ್ತೆ ಅಷ್ಟಕ್ಕೇ ಬಳಿಯಬಹುದೆಂಬುದು ಅನುಕೂಲ.

2020ರಲ್ಲಿ ಬಂದ ಹೊಸ ಥಾರ್‌ನ ಒಳನೆಲವನ್ನು ತೊಳೆಯಲು ಬರುವಂತೆ, ನೀರು ಬಿಡುವ ಬಿರಡೆಗಳ ಸಮೇತ ಕಂಪನಿಯೇ ರೂಪಿಸಿದ್ದರಿಂದ ಆ ಗಾಡಿಯವರಿಗೆ ಈ ಖರ್ಚಿನ ಅಗತ್ಯ ಕಡಿಮೆ. ಹಳೆಯ ಜಿಪ್ಸಿ, ಜೀಪು ಇಟ್ಟುಕೊಂಡವರಿಗೆ ನಾನು ಇದನ್ನು ಧೈರ್ಯವಾಗಿ ಹೇಳುತ್ತೇನೆ. ಊರಿನ ಅಂಗಡಿಯಲ್ಲಿ ಸಿಗದಿದ್ದರೆ ಹೈದರಾಬಾದಿನಿಂದ ತರಿಸಬೇಕಾದೀತು. ತರಿಸುವಾಗ ತಯಾರಾದ ದಿನಾಂಕವನ್ನು ಕೇಳಿಯೇ ಹಣ ಕೊಡಿ, ಏಕೆಂದರೆ ಗಟ್ಟಿಕಾರಕಕ್ಕೆ ಆಯುಷ್ಯ ಸೀಮಿತ. ಅದರ ಡಬ್ಬಿ ಒಂದೇ ಇರುವುದರಿಂದ ಒಮ್ಮೆ ತೆರೆದರೆ ಗಾಳಿಯ ತೇವಕ್ಕೆ ಕೆಡತೊಡಗುತ್ತದೆ, ಉಳಿದ ಎರಡು ಬಾಟಲಿಯನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುವ ಲೆಕ್ಕ ಫಲಿಸುವುದಿಲ್ಲ. ಚಾಲಕನ ಕಾಲಡಿ ಮತ್ತು ಹಿಂದಿನ ಸಾಮಾನಿನ ಜಾಗಕ್ಕಷ್ಟೇ ಬಳಿಯುವ ಇಚ್ಛೆಯಿದ್ದರೆ ಇನ್ನೊಬ್ಬ ಜೀಪಿನವರನ್ನು ಜೊತೆ ಮಾಡಿಕೊಂಡು, ಎರಡೂ ಗಾಡಿಗಳ ತಗಡನ್ನು ಮೊದಲೇ ಉಜ್ಜಿಟ್ಟು, ಒಂದೇ ದಿನ ಕಿಟ್ಟನ್ನು ಪೂರ್ತಿ ಬಳಸಿ ಮುಗಿಸುವುದು ಲೇಸು.