1979ರ ಡೇಟೋನಾ 500, ಪೂರ್ತಿ ರೇಸ್: ಎರಡು ನಿಮಿಷದ ಕ್ಲಿಪ್ ನೋಡಿ ಮುಗಿಸಬೇಡಿ

ಇದು ಅಂಗಡಿಯ ರಿವ್ಯೂ ಅಲ್ಲ, ಹೋಟೆಲಿನದ್ದೂ ಅಲ್ಲ. ಅಮೆರಿಕದ ನಾಸ್ಕಾರ್‌ನವರು ತಮ್ಮ ಹಳೇ ಕಾರ್ ರೇಸ್‌ಗಳನ್ನು ಯೂಟ್ಯೂಬಿನಲ್ಲಿ ಪೂರ್ತಿಪೂರ್ತಿ ಹಾಕಿದ್ದಾರೆ. ದುಡ್ಡು ಕೊಡುವುದು ಬೇಡ. ಅದರಲ್ಲಿ 1979ರ ಡೇಟೋನಾ 500 ನೋಡಿದೆ. ಬದಿಯಡ್ಕದ ಹತ್ತಿರ ನಮ್ಮ ಮನೆಯಲ್ಲಿ, ಆಟಿ ತಿಂಗಳ ಒಂದು ಭಾನುವಾರ, ಹೊರಗೆ ಮಳೆ ಹೊಡೆಯುತ್ತಿದ್ದಾಗ. ಜೊತೆಗೆ ಮಾವ ಇದ್ದರು. ಕಾಸರಗೋಡು–ಮುಳ್ಳೇರಿಯ ಲೈನಿನಲ್ಲಿ ವರ್ಷಗಟ್ಟಲೆ ಬಸ್ಸು ಓಡಿಸಿ ರಿಟೈರ್ ಆದವರು. ಹಾಗಾಗಿ ಈ ರಿವ್ಯೂನಲ್ಲಿ ಅರ್ಧ ಅಭಿಪ್ರಾಯ ಅವರದ್ದು.

ಈ ರೇಸಿನ ಕೊನೇ ಸುತ್ತಿನ ಕ್ಲಿಪ್ ಎಲ್ಲ ಕಡೆ ಸಿಗುತ್ತದೆ. ಎರಡು ಕಾರು ಗುದ್ದಿಕೊಳ್ಳುತ್ತವೆ, ಡ್ರೈವರ್‌ಗಳು ಇಳಿದು ಹೊಡೆದಾಡುತ್ತಾರೆ, ಮುಗಿಯಿತು. ನಾನೂ ಅದನ್ನೇ ಹತ್ತು ಸಲ ನೋಡಿ, ಇಷ್ಟೇ ಅಲ್ವಾ ಅಂದುಕೊಂಡಿದ್ದೆ. ಇಷ್ಟೇ ಅಲ್ಲ. ಆ ಹೊಡೆದಾಟಕ್ಕೆ ಬೀಜ ಬಿದ್ದದ್ದು 32ನೇ ಸುತ್ತಿನಲ್ಲಿ. ಅದನ್ನು ನೋಡದೆ ಕೊನೆ ನೋಡಿದರೆ ಯಾರದ್ದೋ ಮನೆ ಜಗಳವನ್ನು ಬೇಲಿಯಾಚೆಯಿಂದ ನೋಡಿದ ಹಾಗೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ನಾಸ್ಕಾರ್‌ನದ್ದು ಸ್ಟಾಕ್ ಕಾರ್ ರೇಸ್. ಸ್ಟಾಕ್ ಕಾರ್ ಅಂದರೆ ನೋಡಲಿಕ್ಕೆ ರಸ್ತೆಯಲ್ಲಿ ಓಡುವ ಮಾಮೂಲಿ ಕಾರಿನ ಹಾಗೆಯೇ ಇರುವ, ಒಳಗೆ ಮಾತ್ರ ರೇಸಿಗೆ ಅಂತಲೇ ಕಟ್ಟಿದ ಗಾಡಿ. ಫ್ಲೋರಿಡಾದ ಡೇಟೋನಾ ಟ್ರ್ಯಾಕ್ ತೆರೆದದ್ದು 1959ರಲ್ಲಿ. ಒಂದು ಸುತ್ತು ಎರಡೂವರೆ ಮೈಲಿ, ಅಂದರೆ ಸುಮಾರು 4 ಕಿ.ಮೀ. ಹಾಗೆ 200 ಸುತ್ತು. ಒಟ್ಟು 800 ಕಿ.ಮೀ. ಮೇಲಾಯಿತು. ಕಾಸರಗೋಡಿನಿಂದ ತಿರುವನಂತಪುರಕ್ಕೆ ಹೋಗಿ, ಹೆಚ್ಚುಕಡಿಮೆ ಎರ್ನಾಕುಳಂ ತನಕ ವಾಪಸ್ ಬಂದಷ್ಟು. ಇವರು ಅದನ್ನು ಮೂರೂವರೆ ಗಂಟೆಯೊಳಗೆ ಮುಗಿಸಿದರು, ಅದೂ ಎಡಕ್ಕೆ ಮಾತ್ರ ತಿರುಗುತ್ತಾ. ಮಾವನ ಮೊದಲ ಕಮೆಂಟೇ ಅದು: “ಎಂತ ಮಾರಾಯ, ಇವರಿಗೆ ಬಲಕ್ಕೆ ತಿರುಗಿಸಲಿಕ್ಕೆ ಬರುವುದಿಲ್ವಾ?”

ತಿರುವಿನಲ್ಲಿ ರಸ್ತೆ 31 ಡಿಗ್ರಿ ಓರೆ. ನಮ್ಮ ಗುಡ್ಡದ ತೋಟಕ್ಕೆ ಇಳಿಯುವ ದಾರಿ ನೆನಪಿಸಿಕೊಳ್ಳಿ, ಮಳೆಗಾಲದಲ್ಲಿ ಕೂತು ಜಾರಿಕೊಂಡು ಇಳಿಯುತ್ತೇವಲ್ಲ, ಆ ಥರದ ಓರೆಯ ಮೇಲೆ ಕಾರು. ಓರೆ ಇರುವುದರಿಂದಲೇ ತಿರುವಿನಲ್ಲಿ ಬ್ರೇಕ್ ಹಿಡಿಯದೆ ಹೋಗಲಿಕ್ಕೆ ಆಗುವುದು. ಆ ವರ್ಷ ಕ್ವಾಲಿಫೈಯಿಂಗ್‌ನಲ್ಲಿ, ಅಂದರೆ ಯಾರು ಮುಂದೆ ನಿಂತು ಶುರು ಮಾಡುವುದು ಅಂತ ನೋಡುವ ಓಟದಲ್ಲಿ, ಬಡ್ಡಿ ಬೇಕರ್ ಗಂಟೆಗೆ 315 ಕಿ.ಮೀ. ವೇಗದಲ್ಲಿ ಸುತ್ತು ಹಾಕಿದ್ದ. ಆದರೆ ವಿಡಿಯೋದಲ್ಲಿ ಈ ಓರೆ ಸರಿಯಾಗಿ ಕಾಣುವುದಿಲ್ಲ, ಎಲ್ಲ ಚಪ್ಪಟೆ. ಇದು ನನ್ನ ಮೊದಲ ತಕರಾರು. ನೆಲಮಟ್ಟದಲ್ಲಿಟ್ಟ ಕ್ಯಾಮೆರಾ ಮುಂದೆ ಕಾರು ಸುಯ್ಯನೆ ಹೋಗುವಾಗ ಮಾತ್ರ ವೇಗ ಎಂತದ್ದು ಅಂತ ಹೊಟ್ಟೆಗೆ ಗೊತ್ತಾಗುತ್ತದೆ. ಕಾರಿನ ಒಳಗೂ ಕ್ಯಾಮೆರಾ ಇಟ್ಟಿದ್ದರು, 1979ರಲ್ಲಿ!

ಶುರು ಬೋರು. ಸುಳ್ಳು ಹೇಳುವುದಿಲ್ಲ. ಬೆಳಿಗ್ಗೆ ಅಲ್ಲಿ ಮಳೆ ಬಂದಿತ್ತು. ಟ್ರ್ಯಾಕ್ ಒಣಗಲಿ ಅಂತ ಮೊದಲ 15 ಸುತ್ತು ಸುಮ್ನೆ ನಿಧಾನ ಮೆರವಣಿಗೆ. ಮಾವನಿಗೆ ನಗು. “ಇಷ್ಟು ಮಳೆಗೆ ಇಷ್ಟು ಹೆದರಿಕೆಯಾ? ನಮ್ಮ ಕಡೆ ಬಸ್ಸು ಬಿಟ್ಟು ನೋಡ್ಲಿ.” ಬಟನ್ ಇಲ್ಲದ ನುಣ್ಣನೆ ಟೈರು ಮಾವ, ನೀರಿನಲ್ಲಿ ಹಿಡಿತ ಇರುವುದಿಲ್ಲ ಅಂದೆ. ಬಟನ್ ಇಲ್ಲದ ಟೈರಿನಲ್ಲಿ ಎಷ್ಟು ಮಳೆಗಾಲ ಓಡಿಸಿದ್ದೇನೆ ಅಂತ ಬೇರೆಯೇ ಕಥೆ ಶುರುವಾಯಿತು. ಅಷ್ಟರಲ್ಲಿ ಹಸಿರು ಬಾವುಟ ಬಂತು, ಬಚಾವಾದೆ.

32ನೇ ಸುತ್ತಿನಲ್ಲಿ ಡಾನಿ ಆಲಿಸನ್, ಅವನ ಅಣ್ಣ ಬಾಬಿ ಆಲಿಸನ್, ಕೇಲ್ ಯಾರ್ಬರೋ ಮೂವರ ಕಾರೂ ಒಂದಕ್ಕೊಂದು ಸಿಕ್ಕಿ ತಿರುಗಿ ಒಳಗಿನ ಕೆಸರಿಗೆ ಹೋದವು. ಕೇಲ್ ಹೊರಗೆ ಬರುವಾಗ ಮೂರು ಸುತ್ತು ಹಿಂದೆ. ಅಲ್ಲಿಂದ ಅವನು ಒಂದೊಂದೇ ಸುತ್ತು ವಾಪಸ್ ಗಳಿಸಿದ್ದು ನೋಡಬೇಕು. ಆಗಿನ ನಿಯಮ ಹೀಗೆ: ಅಪಾಯ ಇದೆ, ನಿಧಾನ ಅನ್ನುವ ಹಳದಿ ಬಾವುಟ ಬಿದ್ದಾಗ ಲೀಡರ್‌ಗಿಂತ ಮೊದಲು ಗೆರೆ ದಾಟಿದರೆ ಕಳೆದ ಒಂದು ಸುತ್ತು ಸಿಕ್ಕಿತು. ಗಂಟೆಗಟ್ಟಲೆ ಅವನದ್ದು ಇದೇ ಕೆಲಸ. ನನಗೆ ಇಡೀ ರೇಸಿನಲ್ಲಿ ಹೆಚ್ಚು ಇಷ್ಟವಾದದ್ದು ಈ ಭಾಗ. ಕ್ಲಿಪ್ಪಿನಲ್ಲಿ ಇದರ ಸುಳಿವೇ ಇಲ್ಲ.

ಇನ್ನೊಂದು ವಿಷಯ ಗೊತ್ತಿದ್ದರೆ ರೇಸು ಅರ್ಥ ಆಗುತ್ತದೆ. ಮುಂದಿನ ಕಾರು ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ, ಅದರ ಬಾಲಕ್ಕೆ ಅಂಟಿಕೊಂಡ ಕಾರಿಗೆ ಗಾಳಿಯ ತಡೆ ಕಡಿಮೆ. ಆ ಉಳಿಸಿದ ಬಲದಲ್ಲಿ ಕೊನೆಗೆ ಪಕ್ಕಕ್ಕೆ ಹಾರಿ ಮುಂದೆ ಹೋಗಬಹುದು, ಕವಣೆ ಕಲ್ಲಿನ ಹಾಗೆ. ಆದ್ದರಿಂದ ಕೊನೇ ಸುತ್ತಿನಲ್ಲಿ ಮುಂದೆ ಇರುವವನಿಗೇ ಹೆದರಿಕೆ ಜಾಸ್ತಿ. ಅವತ್ತು 93 ಸುತ್ತು ಲೀಡ್ ಮಾಡಿದ ಡಾನಿ ಮುಂದೆ, ಬೆನ್ನಿಗೆ ಕೇಲ್. ಟ್ರ್ಯಾಕಿನ ಹಿಂಬದಿಯ ನೇರ ದಾರಿಯಲ್ಲಿ ಕೇಲ್ ಒಳಗಿನಿಂದ ಹಾರಿದ, ಡಾನಿ ಕೆಳಗೆ ಇಳಿದು ದಾರಿ ಮುಚ್ಚಿದ. ಕೇಲ್‌ನ ಎಡಗಡೆಯ ಚಕ್ರ ಹುಲ್ಲಿಗೆ. ಎರಡು ಮೂರು ಸಲ ಗುದ್ದಿಕೊಂಡು ಎರಡೂ ಕಾರು ಮೂರನೇ ತಿರುವಿನ ಗೋಡೆಗೆ ಹೊಡೆದು ಕೆಳಗೆ ಜಾರಿದವು. ಅರ್ಧ ಸುತ್ತಿಗಿಂತ ಹಿಂದೆ ಇದ್ದ ರಿಚರ್ಡ್ ಪೆಟಿ ಬಂದು, ಡಾರೆಲ್ ವಾಲ್ಟ್ರಿಪ್‌ನನ್ನು ಒಂದು ಕಾರಿನಷ್ಟು ಅಂತರದಲ್ಲಿ ಹಿಂದಿಟ್ಟು ಗೆದ್ದ.

ಮಾವ ಸೋಫಾದಿಂದ ಎದ್ದೇ ಬಿಟ್ಟರು. “ಇದು ನಮ್ಮ ಟೈಮಿಂಗ್ ಗಲಾಟೆಯೇ! ಎರಡು ಬಸ್ಸಿನವರು ಸ್ಟ್ಯಾಂಡಿನಲ್ಲಿ ಕಾಲರ್ ಹಿಡಿದುಕೊಳ್ಳುವಾಗ ಹಿಂದಿನ ಬಸ್ಸಿನವ ಬಂದು ಜನ ತುಂಬಿಸಿಕೊಂಡು ಹೋಗುವುದು!” ಇದಕ್ಕಿಂತ ಒಳ್ಳೆ ಕಾಮೆಂಟರಿ ನನಗೆ ಸಿಗಲಿಲ್ಲ.

ತಮ್ಮನಿಗೆ ಏನಾಯಿತು ಅಂತ ನೋಡಲಿಕ್ಕೆ ಬಾಬಿ ಗಾಡಿ ನಿಲ್ಲಿಸಿದ, ಅಲ್ಲಿ ಕೇಲ್ ಜೊತೆ ಮಾತಿಗೆ ಮಾತು, ಆಮೇಲೆ ಕೈ. ಕೇಲ್ ತನ್ನ ಮೂಗಿನಿಂದ ನನ್ನ ಮುಷ್ಟಿಗೆ ಹೊಡೆಯುತ್ತಿದ್ದ ಅಂತ ಬಾಬಿ ಆಮೇಲೆ ಹೇಳುತ್ತಿದ್ದನಂತೆ. ಹೊಡೆದಾಟ ವಿಡಿಯೋದಲ್ಲಿ ಕಾಣುವುದು ಸ್ವಲ್ಪವೇ, ಸಿನಿಮಾ ಫೈಟಿಂಗ್ ನಿರೀಕ್ಷೆ ಮಾಡಬೇಡಿ. ತಪ್ಪು ಯಾರದ್ದು ಅಂತ ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನ ಆಗಿಲ್ಲ. ಕೊನೇ ಟ್ರಿಪ್ಪಿನಲ್ಲಿ ಯಾರೂ ಸೈಡ್ ಕೊಡುವುದಿಲ್ಲ, ಡಾನಿಯದ್ದು ತಪ್ಪಿಲ್ಲ ಅಂತ ಮಾವ. ನಾಲ್ಕು ಸಲ ಹಿಂದೆ ಓಡಿಸಿ ನೋಡಿದ ಮೇಲೆ ನನಗೆ ಇಬ್ಬರದ್ದೂ ಅನ್ನಿಸುತ್ತದೆ.

ಪೆಟಿಯ ಬಗ್ಗೆ ಒಂದು ಮಾತು. ಹೊಟ್ಟೆಹುಣ್ಣಿಗೆ ಆಪರೇಷನ್ ಆಗಿ, ಹೊಟ್ಟೆಯ ಸುಮಾರು 40 ಶೇಕಡ ತೆಗೆದು ಎರಡೇ ತಿಂಗಳಿನ ಹೊತ್ತು. 45 ರೇಸಿನಿಂದ ಗೆಲುವಿಲ್ಲ. ಅಂಥವನಿಗೆ ಇದು ಆರನೇ ಡೇಟೋನಾ 500. ಸುಮ್ನೆ ಅದೃಷ್ಟ ಅಂದರೆ ನಾನು ಒಪ್ಪುವುದಿಲ್ಲ, ಕೊನೇ ತನಕ ಗಾಡಿ ಉಳಿಸಿಕೊಂಡು ಬಂದಿದ್ದನಲ್ಲ.

ಅಮೆರಿಕದಲ್ಲಿ 500 ಮೈಲಿಯ ರೇಸನ್ನು ಮೊದಲಿನಿಂದ ಕೊನೆ ತನಕ ದೇಶಕ್ಕೆಲ್ಲ ಲೈವ್ ತೋರಿಸಿದ್ದು ಇದೇ ಮೊದಲು. ಫೆಬ್ರವರಿ 18, ಪೂರ್ವ ಕರಾವಳಿಯಲ್ಲಿ ಜೋರು ಹಿಮ, ಜನ ಮನೆಯಿಂದ ಹೊರಗೆ ಹೋಗಲಿಕ್ಕೆ ಆಗದೆ ಟಿವಿ ಮುಂದೆ. ನಾವೂ ಮಳೆಗೆ ಹಾಗೇ ಕೂತದ್ದು!

ಇನ್ನು ಉಳಿದ ತಕರಾರು. ಚಿತ್ರ ಹಳೇ ವಿಸಿಆರ್ ಕ್ಯಾಸೆಟ್ಟಿನ ಹಾಗೆ ಮಸುಕು. ಮೊಬೈಲಿನಲ್ಲಿ ನೋಡಿದರೆ ಕಾರಿನ ನಂಬರ್ ಓದಲಿಕ್ಕೆ ಆಗುವುದಿಲ್ಲ, ಟಿವಿಗೆ ಹಾಕಿ. ಈಗಿನ ಹಾಗೆ ಯಾರು ಎಷ್ಟನೇ ಸ್ಥಾನ ಅಂತ ಪರದೆಯ ಮೇಲೆ ಯಾವಾಗಲೂ ಬರುವುದಿಲ್ಲ, ಕಿವಿಯನ್ನೇ ನಂಬಬೇಕು. ಕಾಮೆಂಟರಿ ಇಂಗ್ಲಿಷ್, ಆದರೆ ಕೆನ್ ಸ್ಕ್ವಯರ್ ಹೇಳುವ ರೀತಿ ಭಾರೀ ಚೆಂದ, ಅರ್ಧ ಅರ್ಥ ಆಗದಿದ್ದರೂ ಮಾವ ಕಿವಿ ಕೊಟ್ಟು ಕೂತಿದ್ದರು. 170ನೇ ಸುತ್ತಿನ ಹೊತ್ತಿಗೆ ನಮ್ಮ ನೆಟ್ ಹೋಯಿತು, ಗಾಳಿಮಳೆಗೆ ಕೇಬಲ್ ಮೇಲೆ ಅಡಿಕೆ ಮರ ಬಿದ್ದಿತ್ತು. ಉಳಿದದ್ದನ್ನು ಮೊಬೈಲ್ ಡಾಟಾದಲ್ಲಿ, ಸೋಫಾವನ್ನು ಕಿಟಕಿಯ ಪಕ್ಕಕ್ಕೆ ಎಳೆದುಕೊಂಡು.

ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ, ಅರ್ಧ ಕಳೆದದ್ದು ಮೊದಲ 15 ಸುತ್ತಿಗೆ. ಮುಂದಿನ ಭಾನುವಾರ 1976ರದ್ದು ಹಾಕುವುದು ಅಂತ ಆಗಿದೆ. ಅದರಲ್ಲೂ ಕೊನೇ ಸುತ್ತಿನಲ್ಲಿ ಇಬ್ಬರು ಗುದ್ದಿಕೊಳ್ಳುತ್ತಾರೆ, ಆದರೆ ಒಬ್ಬ ಎಂಜಿನ್ ಆಫ್ ಆಗದ ಹಾಗೆ ನೋಡಿಕೊಂಡು ತೆವಳುತ್ತಾ ಗೆರೆ ದಾಟುತ್ತಾನೆ. ಯಾರು ಅಂತ ಮಾವನಿಗೆ ಹೇಳಿಲ್ಲ. ಹಲಸಿನ ಹಪ್ಪಳ ಅವರೇ ತರುತ್ತಾರಂತೆ.