ಜೋರಾಗಿ ಓದಿ ಆಮೇಲೆ ಪ್ರಿಂಟ್ ಹಾಕೋ ಅಂಗಡಿ (ದುರ್ಗಿಗುಡಿ ಕಡೆ ಕಾರ್ಡ್ ಮಾಡ್ಸೋರಿಗೆ)

ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಅಂಗಡಿ ಬೋರ್ಡು ಇವಕ್ಕೆಲ್ಲ ಶಿವಮೊಗ್ಗದಲ್ಲಿ ಎಲ್ಲಿಗೆ ಹೋಗೋದು ಅಂತ ಕೇಳೋರಿಗೆ ಇದು. ದುರ್ಗಿಗುಡಿ ಮೇನ್ ರೋಡಿಂದ ಒಳಗಡೆ ಒಂದು ಕ್ರಾಸಲ್ಲಿ ಮೆಟ್ಲು ಹತ್ತಿ ಹೋಗೋ ಚಿಕ್ಕ ಅಂಗಡಿ. ಹೆಸ್ರು ಹಾಕ್ಬೇಡಿ ಮಾರಾಯ್ರೆ, ಸೀಸನ್ನಲ್ಲಿ ಈಗ್ಲೇ ಜನ ಮೆಟ್ಲ ಮೇಲೆ ನಿಂತಿರ್ತಾರೆ ಅಂತ ಯಜಮಾನ್ರು ಅಂದಿದ್ದಕ್ಕೆ ಹಾಕಿಲ್ಲ. ಆ ಕಡೆ ಯಾರನ್ನಾದ್ರೂ ಜೋರಾಗಿ ಓದೋರ ಅಂಗಡಿ ಎಲ್ಲಿ ಅಂತ ಕೇಳಿ, ತೋರಿಸ್ತಾರೆ.

ಮೊದ್ಲೇ ಹೇಳ್ಬಿಡ್ತೀನಿ, ಡಿಸೈನ್ ನೋಡಿ ಹೋಗೋ ಜಾಗ ಅಲ್ಲ ಇದು. ಆಲ್ಬಮ್ ತೆಗೆದ್ರೆ ಅದೇ ಗಣಪತಿ, ಅದೇ ಬಾಳೆಕಂದು, ಅದೇ ವಾಲಗದೋರು. ಬೆಂಗಳೂರಿಂದ ತರ್ಸೋ ಲೇಸರ್ ಕಟ್ಟಿಂಗು, ಮೇಣದ ಸೀಲು, ಆ ಥರದ್ದೆಲ್ಲ ಬೇಕಂದ್ರೆ ಬೇರೆ ಕಡೆ ಹೋಗಿ. ಇಲ್ಲಿಗೆ ಹೋಗ್ಬೇಕಾಗಿರೋದು ಪ್ರೂಫಿಗೋಸ್ಕರ.

ಹೇಗಂದ್ರೆ, ನೀವು ಕೊಟ್ಟ ಮ್ಯಾಟರ್ ಟೈಪ್ ಮಾಡಿ ಒಂದು ಪ್ರಿಂಟ್ ತೆಗೀತಾರೆ, ಯಜಮಾನ್ರು ಕನ್ನಡಕ ಏರಿಸ್ಕೊಂಡು ಅದನ್ನ ಇಡೀ ಅಂಗಡಿಗೆ ಕೇಳೋ ಹಂಗೆ ಓದ್ತಾರೆ. ಕಾಗದದಲ್ಲಿ ಏನಿದ್ಯೋ ಅದನ್ನೇ ಓದ್ತಾರೆ, ಏನಿರಬೇಕಿತ್ತೋ ಅದನ್ನಲ್ಲ. ವಿಷ್ಯ ಇರೋದೇ ಅಲ್ಲಿ ನೋಡಿ, ಯಾಕಂದ್ರೆ ನಾವೆಲ್ಲ ಕಾರ್ಡ್ ಓದುವಾಗ ಕಣ್ಣು ಅಕ್ಷರದ ಮೇಲೆ ಓಡತ್ತೆ, ತಲೆ ತಾನೇ ಸರಿ ಮಾಡ್ಕೊಳತ್ತೆ, ತಪ್ಪು ಕಾಣೋದೇ ಇಲ್ಲ. ತಂಗಿ ಮದ್ವೆ ಕಾರ್ಡಿಗೆ ಮ್ಯಾಟರ್ ಬರೆದಿದ್ದು ನಮ್ಮ ಚಿಕ್ಕಪ್ಪ, ರಿಟೈರ್ಡ್ ಮನುಷ್ಯ, ಅಕ್ಷರ ಮುತ್ತಿನ ಹಾಗೆ. ಯಜಮಾನ್ರು ಓದ್ತಾ ಓದ್ತಾ 'ಮದ್ಯಾಹ್ನ 12-30ಕ್ಕೆ ಭೋಜನ' ಅನ್ನೋ ಕಡೆ ಬಂದು 'ಮದ್ಯಾ' ಅಂತ ಒತ್ತಿ ಹೇಳಿ ನಿಲ್ಲಿಸಿದ್ರು. ಏನ್ ರಾಯ್ರೆ, ಊಟದ ಜೊತೆ ಅದೂ ಉಂಟಾ ಅಂದ್ರು. ಲ್ಯಾಮಿನೇಷನ್‌ಗೆ ಬಂದು ಕೂತಿದ್ದೋರೂ ನಕ್ರು, ಚಿಕ್ಕಪ್ಪನೂ ನಕ್ರು, ದ ಕೆಳಗೆ ಆ ಒಂದು ಕಡ್ಡಿ ಬಂತು. ಇದೇ ತಪ್ಪು ತಿರುಗುಮುರುಗಾಗಿ ಊರ ತುಂಬ ಗೋಡೆ ಮೇಲಿದೆ, 'ಮಧ್ಯಪಾನ ನಿಷೇಧಿಸಿದೆ' ಅಂತ. ಮಧ್ಯಪಾನ ಅಂದ್ರೆ ಊಟದ ಮಧ್ಯ ನೀರು ಕುಡೀಬಾರ್ದು ಅಂತ ಡಾಕ್ಟ್ರು ಹೇಳ್ದಂಗೆ ಆಯ್ತಲ್ಲ.

ಆಶೀರ್ವಾದದ ಕಥೆ ಸ್ವಲ್ಪ ಉದ್ದ ಇದೆ, ಆದ್ರೆ ಕಾರ್ಡ್ ಮಾಡ್ಸೋರೆಲ್ಲ ತಿಳ್ಕೊಳ್ಳೋದು ಒಳ್ಳೇದು. ನಮ್ಮ ಕಡೆ ಹತ್ತು ಕಾರ್ಡ್ ಎತ್ತಿದ್ರೆ ಒಂದೆರಡ್ರಲ್ಲಿ 'ಆರ್ಶೀವಾದ' ಅಂತ ಇದ್ದೇ ಇರತ್ತೆ. ಓದೋರು ಯಾರೂ ಆರ್ಶೀವಾದ ಅನ್ನಲ್ಲ, ಬಾಯಲ್ಲಿ ಎಲ್ರದ್ದೂ ಸರಿ ಇದೆ, ಬರೆಯೋವಾಗ ಮಾತ್ರ ಯಾಕೆ ಹಿಂಗೆ? ಯಜಮಾನ್ರು ಬಿಳಿ ಹಾಳೆ ಮೇಲೆ ಬರೆದು ತೋರ್ಸಿದ್ರು. ಹೇಳುವಾಗ ಶೀ ಆದ್ಮೇಲೆ ರ್ ಬರತ್ತೆ, ಆಮೇಲೆ ವಾ. ಬರೆಯುವಾಗ ಆ ಅರ್ಕಾವತ್ತು ವಾ ಆದ್ಮೇಲೆ ಕೂರ್ಬೇಕು, ಅಂದ್ರೆ ಕಿವಿಗೆ ಮೊದ್ಲು, ಕಣ್ಣಿಗೆ ಆಮೇಲೆ. ಜನ ಕಿವಿ ಮಾತು ಕೇಳಿ ಶೀ ಪಕ್ಕದಲ್ಲೇ ಅದನ್ನ ಕೂರಿಸ್ಬಿಡ್ತಾರೆ, ಅದು ಆರ್ಶೀ ಆಗಿ ಕೂತ್ಕೊಳತ್ತೆ. ಹಾಗಾಗಿ ಇದು ದಡ್ಡತನದ ತಪ್ಪಲ್ಲ, ಕೇಳ್ಸಿದ್ದನ್ನ ಕೇಳ್ಸಿದ ಕಡೆನೇ ಬರೆದಿದ್ದು ಅಷ್ಟೇ ಅಂತ ಅವ್ರ ವಾದ. ನಂಗೆ ಹೌದು ಅನ್ಸ್ತು. ಶಾಲೇಲಿ ಅರ್ಕಾವತ್ತು ಕಲ್ಸೋವಾಗ ಇದನ್ನ ಹಿಂಗೆ ಬಿಡಿಸಿ ಹೇಳಿದ್ರೆ ಅರ್ಧ ಕಾರ್ಡು ಸರಿಯಾಗ್ತಿತ್ತೇನೋ.

ನಾವು ಕೂತಿದ್ದಾಗ್ಲೇ ಇನ್ನೊಂದು ಕೇಸ್ ಬಂತು. ಹೊಸನಗರ ಕಡೆಯೋರು, ಅಪ್ಪಂಗೆ 60 ತುಂಬತ್ತೆ, ಶಾಂತಿ ಇಟ್ಕೊಂಡಿದ್ದಾರೆ, ಕಾರ್ಡ್ ಬೇಕು. ಮ್ಯಾಟರಲ್ಲಿ 'ಷಷ್ಠಿಪೂರ್ತಿ' ಅಂತ ಠ ಹಾಕಿದ್ರು. ಷಷ್ಟಿ ಅಂದ್ರೆ ಅರವತ್ತು, ಅಲ್ಪಪ್ರಾಣದ ಟ. ಷಷ್ಠಿ ಅಂದ್ರೆ ಆರನೇದು, ಸುಬ್ರಹ್ಮಣ್ಯ ಷಷ್ಠಿ ಅಂತೀವಲ್ಲ ಅದು, ಆರನೇ ತಿಥಿ. 'ಹಿಂಗೇ ಪ್ರಿಂಟ್ ಹಾಕಿದ್ರೆ ನಿಮ್ಮಪ್ಪಂಗೆ ಆರು ವರ್ಷ ಅಂತಾಯ್ತು ನೋಡಿ' ಅಂದ್ರು. ಆ ಹುಡುಗ ಒಪ್ಪಲೇ ಇಲ್ಲ, ಎಲ್ಲ ಕಾರ್ಡಲ್ಲೂ ಹಂಗೇ ಇರತ್ತೆ ಸಾರ್ ಅಂತ ವಾದ ಮಾಡ್ದ. ಟೇಬಲ್ ಮೇಲೆ ಬೈಂಡು ಕಿತ್ತೋಗಿರೋ ಒಂದು ನಿಘಂಟು ಇದೆ, ಅದನ್ನ ತೆಗೆದು ಅವನ ಮುಂದೇನೇ ಇಟ್ರು. ಓದ್ಕೊಂಡು ಸುಮ್ಮನಾದ.

ನಾನು ಗಮನಿಸಿದ್ದು ಅಂದ್ರೆ ನಮ್ಮ ಜನ ಮಹಾಪ್ರಾಣ ಬಿಡೋದಕ್ಕಿಂತ ಬೇಡದ ಕಡೆ ಸೇರ್ಸೋದು ಜಾಸ್ತಿ, ಬೋರ್ಡಲ್ಲಂತೂ. ಸಿಬ್ಬಂದಿ ಸಿಬ್ಬಂಧಿ ಆಗತ್ತೆ, ವಿದ್ಯಾರ್ಥಿ ವಿಧ್ಯಾರ್ಥಿ ಆಗ್ತಾನೆ, ದೈವಾಧೀನರಾದೋರು ಧೈವಾಧೀನ ಆಗ್ತಾರೆ, ಉಚ್ಚಾರ ಸರಿ ಇಲ್ಲ ಅಂತ ಬೈಯೋರೇ ಉಚ್ಛಾರ ಅಂತ ಬರೀತಾರೆ. ಹೊಟ್ಟೆ ಸೀಳಿದ್ರೆ ಅಕ್ಷರಕ್ಕೆ ಗೌರವ ಬರತ್ತೆ ಅಂದ್ಕೊಂಡಿದ್ದಾರೋ ಏನೋ. ಎಲ್ಲಿ ಬೇಕೋ ಅಲ್ಲಿ ಮಾತ್ರ ಇರಲ್ಲ, ಆಷಾಢ ಬಂದ್ರೆ ಬಟ್ಟೆ ಅಂಗಡಿ ಮುಂದೆಲ್ಲ 'ಆಷಾಡ ಸೇಲ್'. ಇನ್ನು 'ಆದರದ ಸ್ವಾಗತ' ಹೋಗಿ 'ಆಧಾರದ ಸ್ವಾಗತ' ಆಗಿರೋ ಬ್ಯಾನರ್ ನೋಡಿದಾಗ ಕಾರ್ಡ್ ತೋರ್ಸಿದ್ರೇನೇ ಒಳಗೆ ಬಿಡ್ತಾರೇನೋ ಅನ್ಸತ್ತೆ. ಹುಟ್ಟುಹಬ್ಬದ ಬ್ಯಾನರ್ ಬಗ್ಗೆ ಹೇಳೋದೇ ಬೇಡ, ಹಾರ್ದಿಕ ಅನ್ನೋದು ಆರ್ದಿಕ ಆಗಿ, ಅಲ್ಲಿಂದ ಆರ್ಥಿಕ ಆಗಿ, ಆರ್ಥಿಕ ಶುಭಾಷಯಗಳು! ಶುಭಾಶಯಕ್ಕೆ ಯಜಮಾನ್ರು ಸುಲಭದ ದಾರಿ ಹೇಳ್ತಾರೆ, ಪದ ಬಿಡಿಸಿ ನೋಡಿ ಅಂತ. ಶುಭ, ಆಶಯ. ಆಶಯದಲ್ಲಿ ಯಾವ ಶ ಅಂತ ಯಾರಿಗೂ ಡೌಟ್ ಇಲ್ಲ. ಕೋಟಿ, ಅಧಿಪತಿ, ಹಾಗಾಗಿ ಕೋಟ್ಯಧಿಪತಿ, ಅಲ್ಲಿ ದೀರ್ಘ ಎಲ್ಲಿಂದ ಬರತ್ತೆ? ಜಾತ್ಯತೀತಾನೂ ಹಂಗೇ. ಎಲ್ಲದಕ್ಕೂ ಹಿಂಗೆ ಹಠ ಮಾಡ್ತಾರೆ ಅಂತ ಅಂದ್ಕೋಬೇಡಿ, ಗಂಟೆನಾ ಘಂಟೆನಾ ಅಂತ ಕೇಳಿದ್ರೆ ದೇವಸ್ಥಾನದ್ದಾದ್ರೆ ನಿಮ್ಮಿಷ್ಟ, ಗಡಿಯಾರದ್ದಾದ್ರೆ ಗಂಟೆ ಸಾಕು ಅಂತಾರೆ.

ಎಲ್ಲ ತಪ್ಪೂ ಬರೆಯೋರದ್ದಲ್ಲ, ಇದು ನಂಗೆ ಗೊತ್ತಿರ್ಲಿಲ್ಲ. ವಾಟ್ಸಾಪಲ್ಲಿ ನಾವು ಕಳ್ಸೋದು ಯುನಿಕೋಡ್, ಕಾರ್ಡ್ ಡಿಸೈನ್ ಮಾಡೋ ಕೋರಲ್‌ಡ್ರಾ, ಪೇಜ್‌ಮೇಕರಲ್ಲಿ ಇವತ್ತಿಗೂ ಎಷ್ಟೋ ಅಂಗಡೀಲಿ ಓಡೋದು ನುಡಿ, ಶ್ರೀಲಿಪಿ ಥರದ ಹಳೇ ಫಾಂಟು. ನೇರ ಪೇಸ್ಟ್ ಮಾಡಿದ್ರೆ ಬರೀ ಚೌಕ, ಪ್ರಶ್ನಾರ್ಥಕ ಬರತ್ತೆ, ಕನ್ವರ್ಟ್ ಮಾಡ್ಬೇಕು, ಮಾಡುವಾಗ ಒತ್ತು, ದೀರ್ಘ ಎಲ್ಲೆಲ್ಲೋ ಹೋಗ್ಬಿಡ್ತಾವೆ. ಹಿಂದೆ ಬೇರೆ ಒಂದ್ಕಡೆ ನಮ್ಮ ಅಣ್ಣನ ಮನೆ ಗೃಹಪ್ರವೇಶದ ಕಾರ್ಡಲ್ಲಿ 'ಕುಟುಂಬ ವರ್ಗ' ಹೋಗಿ 'ಕುಟುಂಬ ವಗ' ಆಗಿ ಬಂದಿತ್ತು, ಅತ್ತಿಗೆ ಪೆನ್ ಹಿಡ್ಕೊಂಡು ರಾತ್ರಿಯೆಲ್ಲ ಕೂತು ತಿದ್ದಿದ್ರು. ಇಲ್ಲಿ ಕನ್ವರ್ಟ್ ಮಾಡಲ್ಲ, ಒಬ್ರು ಅಕ್ಕ ಇದ್ದಾರೆ, ಪೂರ್ತಿ ಮತ್ತೆ ಟೈಪ್ ಮಾಡ್ತಾರೆ, ಕೀಬೋರ್ಡ್ ನೋಡೋದೂ ಇಲ್ಲ. ಅದಕ್ಕೇ ಲೇಟು.

ಇನ್ನೊಂದು ವಿಷ್ಯ ನಂಗೆ ತುಂಬ ಹಿಡಿಸ್ತು. ಅಚ್ಚಿಗೆ ಹೋಗೋದ್ರಲ್ಲಿ ಇಷ್ಟು ಖಡಕ್ ಇರೋ ಮನುಷ್ಯ ಬಾಯಿ ಮಾತನ್ನ ತಿದ್ದೋದಿಲ್ಲ. ನ್ಯಾಮಿನೇಷನ್ ಮಾಡ್ಬೇಕು ಅಂತ ಬಂದ್ರೆ ಕೊಡಿ ಅಂತಾರೆ ಅಷ್ಟೇ, ಪ್ಲೆಕ್ಸ್ ಅಂದ್ರೂ ಅಷ್ಟೇ, ಇನ್ವೈಟೇಷನ್ ಅಂದ್ರೂ ಅಷ್ಟೇ. ಹಾಲು ಅನ್ನೋಕೆ ಆಲು ಅನ್ನೋರನ್ನ ಆಡ್ಕೊಂಡು ವಿಡಿಯೋ ಮಾಡಿ ಹಾಕ್ತಾರಲ್ಲ, ಅದರ ಬಗ್ಗೆ ಮಾತು ಬಂದಾಗ 'ಮಧ್ಯಾಹ್ನ ಅಂತ ಬರೆದಿದ್ದನ್ನ ಮಧ್ಯಾನ್ಹ ಅಂತ್ಲೇ ತಾನೆ ನಾವೆಲ್ಲ ಹೇಳೋದು, ಬ್ರಹ್ಮನ್ನ ಬ್ರಮ್ಹ, ಚಿಹ್ನೆನ ಚಿನ್ಹೆ, ಅದಕ್ಕೆ ಯಾರೂ ನಗಲ್ಲ, ಆಲು ಅಂದೋನಿಗೆ ಮಾತ್ರ ಯಾಕೆ' ಅಂದ್ರು. ಇದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ. ಸವಳಂಗ ರೋಡಿನ ಕಡೆಯಿಂದ ಗ್ಯಾರೇಜಿನೋರೊಬ್ರು ಬೋರ್ಡಿಗೆ ಬಂದಿದ್ರು, ಅವ್ರ ಮಗ ಪಂಕ್ಚರ್ ಅಂತ ಹಾಕ್ಸಿ ಅಪ್ಪ ಅಂತ ಹೇಳ್ಕಳ್ಸಿದ್ದನಂತೆ. ಯಜಮಾನ್ರು ಬೇಡ ಅಂದ್ರು. ಗಾಡಿ ತಳ್ಕೊಂಡು ಬರೋನಿಗೆ ದೂರದಿಂದ ಪಂಚರ್ ಅಂತ ಕಂಡ್ರೆ ಸಾಕು, ಅದು ಈಗ ನಮ್ಮದೇ ಪದ ಅಂದ್ರು. ಹೆಸ್ರುಗಳನ್ನೂ ಮುಟ್ಟಲ್ಲ. ಸುಬ್ರಮಣ್ಯ ಅಂತ ಕೊಟ್ರೆ ಸುಬ್ರಮಣ್ಯಾನೇ, ಧಾರವಾಡದ ಬೀಗರು ಪ್ರಲ್ಹಾದ ಅಂತ ಕೊಟ್ರೆ ಪ್ರಲ್ಹಾದಾನೇ, ಅವ್ರವ್ರ ಮನೆ ಹೆಸ್ರು ಅವ್ರದ್ದು ಅಂತಾರೆ. ಇಂಗ್ಲಿಷ್ ಕಾರ್ಡಲ್ಲಿ ಊರಿನ ಹೆಸ್ರು ಮಾತ್ರ ಬಿಡಲ್ಲ, ಶಿಮೊಗ ಅಂತ ಹಳೇ ಸ್ಪೆಲಿಂಗ್ ಕೊಟ್ರೆ 2014ರ ನವೆಂಬರ್ 1ಕ್ಕೇ ಸರ್ಕಾರ ಬದ್ಲಾಯಿಸಿದೆ ಅಂತ ತಿದ್ದೇ ತಿದ್ತಾರೆ.

ಈಗ ಕಿರಿಕಿರಿಗಳು. ಗಾಡಿ ನಿಲ್ಸೋಕೆ ಜಾಗ ಇಲ್ಲ, ನೆಹರು ರೋಡ್ ಕಡೆ ಎಲ್ಲಾದ್ರೂ ನಿಲ್ಸಿ ನಡ್ಕೊಂಡ್ ಬನ್ನಿ, ಮಳೆಗಾಲದಲ್ಲಿ ಕೊಡೆ ಬೇಕು, ಮೆಟ್ಲು ಜಾರತ್ತೆ. ಕರೆಂಟ್ ಹೋದ್ರೆ ಕೆಲ್ಸ ನಿಂತಂಗೆ, ಯುಪಿಎಸ್ ಇದೆ ಅಂತಾರೆ, ಅದು ಯಾವಾಗ ಕೆಲ್ಸ ಮಾಡತ್ತೋ ಗೊತ್ತಿಲ್ಲ. ನಿಮ್ಮ ಮನೆ ವಿಷ್ಯ ಎಲ್ಲ ಜೋರಾಗಿ ಓದೋದ್ರಿಂದ ಮುಜುಗರ ಆಗೋರಿಗೆ ಕಷ್ಟ, ನಮ್ಮ ತಂಗಿ ಗಂಡನಾಗೋನ ಡಿಗ್ರಿ, ಕೆಲ್ಸ, ಕಂಪ್ನಿ ಎಲ್ಲ ಅಂಗಡೀಲಿದ್ದೋರಿಗೆಲ್ಲ ಗೊತ್ತಾಗಿ ಅಲ್ಲೇ ಒಬ್ರು ಅವನ ಊರಿನ ನೆಂಟಸ್ತನ ಬೇರೆ ತೆಗೆದ್ರು. ರೇಟು ಬೇರೆ ಕಡೆಗಿಂತ ಕಾರ್ಡಿಗೆ ಎರಡ್ಮೂರು ರೂಪಾಯಿ ಜಾಸ್ತಿ, ಚೌಕಾಸಿ ನಡೆಯಲ್ಲ. ಅರ್ಜೆಂಟ್ ಅಂದ್ರೆ ಬೇರೆ ಅಂಗಡಿ ದಾರಿ ತೋರಿಸ್ತಾರೆ. ವೈಕುಂಠ ಸಮಾರಾಧನೆ, ಶ್ರದ್ಧಾಂಜಲಿ ಕಾರ್ಡಿಗೆ ಮಾತ್ರ ಅವತ್ತೇ ಮಾಡ್ಕೊಡ್ತಾರಂತೆ, ಅದನ್ನ ಜೋರಾಗಿ ಓದೋದೂ ಇಲ್ಲ.

ಹೋಗೋರು ಮ್ಯಾಟರ್ ಕಾಗದದ ಮೇಲೆ ಬರ್ಕೊಂಡ್ ಹೋಗಿ, ವಾಯ್ಸ್ ಮೆಸೇಜ್ ಕೇಳ್ಸಿದ್ರೆ ಬೈತಾರೆ. ಹುಡುಗನ ಕಡೆಯೋರು ಒಬ್ರನ್ನ, ಹುಡುಗಿ ಕಡೆಯೋರು ಒಬ್ರನ್ನ ಕರ್ಕೊಂಡ್ ಹೋದ್ರೆ ಒಳ್ಳೇದು, ಪ್ರೂಫಿಗೆ ಸೈನ್ ಹಾಕಿಸ್ಕೊಂಡೇ ಮಷಿನ್ನಿಗೆ ಬಿಡೋದು. ಬೋರ್ಡು, ವಿಸಿಟಿಂಗ್ ಕಾರ್ಡಿನೋರು ಆಷಾಢದಲ್ಲಿ ಹೋಗಿ, ಮದ್ವೆ ಇರಲ್ಲ, ಆರಾಮಾಗಿ ಕೂರಿಸಿ ಮಾತಾಡ್ತಾರೆ. ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಅರ್ಧ ಹೋಗಿದ್ದು ಆಲ್ಬಮ್ಮಿಗೆ.