ಪಟಾಕಿ ರಾತ್ರಿಗೆ ಜಾಕೆಟ್ಟೋ, ಗುಳಿಗೆಯೋ, ಹಳೆ ಕೂಲರ್ರೋ?

ಪಟಾಕಿ ಸದ್ದಿಗೆ ಅಂಜುವ ನಾಯಿಗೆ ಇವುಗಳಲ್ಲಿ ಯಾವುದು ಒಳ್ಳೆಯದು? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕೂಲರ್‌ಗೆ. ಬೇಸಿಗೆ ಮುಗಿದ ಮೇಲೆ ಮೂಲೆಗೆ ಸೇರುವ ಅದೇ ಹಳೆ ಕೂಲರ್. 1,900 ರೂಪಾಯಿಯ ಜಾಕೆಟ್‌ನಿಂದ ಆಗದ ಕೆಲಸ ಅದರಿಂದ ಆಯಿತು.

ನಮ್ಮ ಚಿಗರಿ ಮುಧೋಳ ನಾಯಿ, ನಾಲ್ಕು ವರ್ಷದವಳು. ವಿಜಯಪುರದಲ್ಲಿ ಅವಳಿಗೆ ವರ್ಷಕ್ಕೆ ಎರಡು ಸಲ ಸಂಕಟ. ಒಂದು ದೀಪಾವಳಿ, ಇನ್ನೊಂದು ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯಲ್ಲಿ ಮದ್ದು ಸುಡುವ ರಾತ್ರಿ. ಎರಡು ವರ್ಷದ ಹಿಂದೆ ಅಮಾವಾಸ್ಯೆಯ ರಾತ್ರಿ ಕಂಪೌಂಡ್ ಹಾರಿ ಓಡಿಹೋದಳು. ಬೆಳಗಿನ ಜಾವ ರೈಲ್ವೆ ಸ್ಟೇಷನ್ ಹತ್ತಿರ ಸಿಕ್ಕಳು, ಅಂಗಾಲು ಹರಿದಿತ್ತು. ಅವತ್ತಿನಿಂದ ಈ ಮೂರನ್ನೂ ಒಂದೊಂದಾಗಿ ಮಾಡಿ ನೋಡಿದೆ.

ಮೊದಲು ತರಿಸಿದ್ದು ಜಾಕೆಟ್. ಕೂಸನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದರೆ ಸುಮ್ನಾಗುತ್ತಲ್ಲ, ಅದೇ ಲೆಕ್ಕ. ಲೆಕ್ಕ ತಪ್ಪಲ್ಲ, ಕೆಲವು ನಾಯಿಗಳಿಗೆ ಒಗ್ಗುತ್ತದೆ. ಆದರೆ ಅದನ್ನು ಲ್ಯಾಬ್ರಡಾರ್ ಥರದ ದುಂಡನೆ ಮೈಗೆ ಹೊಲಿದಿದ್ದರು. ಮುಧೋಳ ನಾಯಿಯ ಎದೆ ಆಳ, ಹೊಟ್ಟೆ ಒಳಗೆ ಹೋಗಿರುತ್ತದೆ. ಟೇಪು ಹಿಡಿದು ನೋಡಿದೆ, ಚಿಗರಿಯ ಎದೆ 29 ಇಂಚು, ಸೊಂಟ 19. ಎದೆಗೆ ಸರಿಯಾಗುವ ಸೈಜು ಸೊಂಟದ ಹತ್ತಿರ ಚೀಲದಂತೆ ಜೋತು ಬಿತ್ತು. ಸೊಂಟಕ್ಕೆ ಸರಿಯಾಗುವುದನ್ನು ಹಾಕಿದರೆ ಉಸಿರಾಡಲು ಒದ್ದಾಡಿದಳು. ಸಡಿಲಾದರೆ ಆ ಜಾಕೆಟ್‌ನಿಂದ ಉಪಯೋಗವೇ ಇಲ್ಲ, ಬಿಗಿ ಇದ್ದರೆ ಮಾತ್ರ ಅದು ಜಾಕೆಟ್.

ಅದಕ್ಕಿಂತ ಜಾಸ್ತಿ ತೊಂದರೆ ವೆಲ್ಕ್ರೋದು. ಸರಿ ಕೂಡಿಸಲು ಪ್ರತಿ ಸಲ ಬಿಚ್ಚಬೇಕು, ಬಿಚ್ಚಿದಾಗೆಲ್ಲ ಅವಳ ಕಿವಿಯ ಪಕ್ಕದಲ್ಲೇ ಪರ್ರ್ ಅಂತ ಸದ್ದು. ನಾಯಿಗೆ ಸುಮಾರು 45,000 ಹರ್ಟ್ಝ್‌ವರೆಗಿನ ಸದ್ದು ಕೇಳಿಸುತ್ತದೆ, ನಮಗೆ 20,000ದವರೆಗೆ ಮಾತ್ರ. ನಮಗೇ ಕಿರಿಕಿರಿ ಆಗುವ ಸದ್ದು ಅವಳಿಗೆ ಹೇಗಿರಬೇಡ? ಮೂರನೇ ದಿನಕ್ಕೆ ಜಾಕೆಟ್ ಕೈಯಲ್ಲಿ ಹಿಡಿದರೆ ಸಾಕು, ಹಲಗೆಮಂಚದ ಕೆಳಗೆ ಸೇರುತ್ತಿದ್ದಳು. ಹೊರಗೆ ಒಂದು ಪಟಾಕಿಯೂ ಹಾರಿರಲಿಲ್ಲ, ಆಗಲೇ ನಡುಗುತ್ತಿದ್ದಳು. ವಾಪಸ್ ಕಳಿಸಲು ಹೋದರೆ, ಕೂದಲು ಅಂಟಿದೆ ಅಂತ ತೆಗೆದುಕೊಳ್ಳಲಿಲ್ಲ.

ಗುಳಿಗೆಯಲ್ಲಿ ನನ್ನಿಂದಲೇ ತಪ್ಪಾಯಿತು. ಪರಿಚಯದವರೊಬ್ಬರು ಹೇಳಿದರೆಂದು ಡಾಕ್ಟರನ್ನು ಕೇಳದೆ ಅಸೆಪ್ರೊಮಝಿನ್ ಅನ್ನುವ ಮಂಪರಿನ ಗುಳಿಗೆ ಕೊಟ್ಟೆ. ಚಿಗರಿ ಕಾಲು ಸೋತು ಬಿದ್ದುಕೊಂಡಳು. ನಿದ್ದೆ ಬಂತು ಅಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ಕಣ್ಣು ಪೂರ್ತಿ ತೆರೆದಿತ್ತು, ಪ್ರತಿ ಢಂ ಸದ್ದಿಗೂ ಹುಬ್ಬಿನ ಹತ್ತಿರದ ಚರ್ಮ ಅದುರುತ್ತಿತ್ತು. ಏಳಲಾಗದೆ ಅಂಜುತ್ತಾ ಮಲಗಿದ್ದಳು. ಮರುದಿನ ಪಶು ವೈದ್ಯರು, "ಅಂಜಿಕಿ ಹಂಗ ಇರ್ತೈತ್ರಿ, ಮೈ ಅಷ್ಟ ಮಲಗ್ತೈತಿ" ಅಂದರು. ಆ ಮಾತು ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅಂಜಿಕೆಯನ್ನೇ ಕಡಿಮೆ ಮಾಡುವ ಬೇರೆ ಔಷಧಿಗಳಿವೆ. ಅವನ್ನು ಡಾಕ್ಟರು ನಾಯಿಯನ್ನು ನೋಡಿ, ತೂಗಿ ಬರೆದುಕೊಡಬೇಕು, ಸದ್ದು ಶುರುವಾಗುವ ಮೊದಲೇ ಕೊಟ್ಟಿರಬೇಕು. ತೀರಾ ಅಂಜುವ ನಾಯಿಗೆ ಅದೇ ಸರಿ.

ನನ್ನ ಪಾಡು ಬೇರೆ. ಅಮಾವಾಸ್ಯೆಯ ಸಂಜೆ ನಾನು ಅಂಗಡಿ ಪೂಜೆಯಲ್ಲಿರುತ್ತೇನೆ. ಸುಪ್ರೀಂ ಕೋರ್ಟ್ 2018ರಲ್ಲಿ ದೀಪಾವಳಿ ಪಟಾಕಿಗೆ ರಾತ್ರಿ 8ರಿಂದ 10 ಅಂತ ಸಮಯ ಕೊಟ್ಟಿದೆ, ಆದರೆ ನಮ್ಮ ಓಣಿಯಲ್ಲಿ ಯಾರ ಪೂಜೆ ಮೊದಲು ಮುಗಿಯುತ್ತದೋ ಅವರದು ಮೊದಲು. ಗುಳಿಗೆಯ ಹೊತ್ತು ಲೆಕ್ಕ ಹಾಕಲು ಮನೆಯಲ್ಲಿ ಅವ್ವ ಒಬ್ಬಳೇ.

ಕೂಲರ್ ಆದರೆ ಅವ್ವ ಬರೀ ಸ್ವಿಚ್ ಹಾಕಿದರೆ ಆಯಿತು. ನಡುಮನೆಯ ಹಿಂದೆ ಕಾಳಿನ ಕೋಣೆಯಿದೆ, ಕಿಟಕಿ ಇಲ್ಲ. ಅಲ್ಲಿ ಹಳೆ ಕೌದಿ ಹಾಸುತ್ತೇವೆ. ಕೂಲರ್‌ಗೆ ನೀರು ಹಾಕುವುದಿಲ್ಲ, ಮುಖ ಗೋಡೆಗೆ ತಿರುಗಿಸುತ್ತೇವೆ. ಇಲ್ಲದಿದ್ದರೆ ಸಂಕ್ರಾಂತಿ ಚಳಿಯಲ್ಲಿ ಆ ಗಿಡ್ಡ ಕೂದಲಿನ ಮೈ ನಡುಗುತ್ತದೆ. ಅದರ ಗುರ್ರ್ ಸದ್ದು ತಗ್ಗಿನದು, ನಡುವೆ ನಿಲ್ಲುವುದಿಲ್ಲ. ದೂರದ ಢಂ ಸದ್ದು ಅದರಲ್ಲೇ ಮುಳುಗುತ್ತದೆ. ಟಿವಿ ಹಚ್ಚಿ ನೋಡಿದ್ದೆ, ಮಾತಿನ ನಡುವೆ ಸದ್ದು ನಿಂತಾಗೆಲ್ಲ ಪಟಾಕಿ ಕೇಳುತ್ತಿತ್ತು.

ಒಂದು ಮಾತು ಮರೆಯಬೇಡಿ. ಪಟಾಕಿ ದಿನ ಮಾತ್ರ ಕೂಲರ್ ಹಚ್ಚಿದರೆ, ಕೂಲರ್ ಅಂದರೇ ಗಂಡಾಂತರ ಅಂತ ನಾಯಿ ಕಲಿತುಬಿಡುತ್ತದೆ. ನಾವು ಒಂದು ವಾರ ಮೊದಲೇ ಶುರು ಮಾಡಿದೆವು. ದಿನಾ ರಾತ್ರಿ ಅದೇ ಕೋಣೆಯಲ್ಲಿ, ಕೂಲರ್ ಹಚ್ಚಿ, ಹಾಲಿನಲ್ಲಿ ಮುರಿದು ಹಾಕಿದ ಜೋಳದ ರೊಟ್ಟಿ. ಹೋದ ಅಮಾವಾಸ್ಯೆಗೆ ತಾನಾಗೇ ಒಳಗೆ ಹೋಗಿ ಕೂತಳಂತೆ. ನಾನು ಬಂದಾಗ ಕಿವಿ ನಿಮಿರಿತ್ತು, ಆದರೆ ತಟ್ಟೆ ಖಾಲಿಯಾಗಿತ್ತು. ತೀರಾ ಅಂಜಿದ ನಾಯಿ ಸಾಮಾನ್ಯವಾಗಿ ಅನ್ನ ಮುಟ್ಟುವುದಿಲ್ಲ, ಅಲ್ವಾ?

ಪೊಟ್ಟಣದ ಚೀಟಿಯಲ್ಲಿ "ಶಾಂತಗೊಳಿಸುತ್ತದೆ" ಅಂತ ಬರೆದಿದ್ದ ನಾಯಿ ಬಿಸ್ಕತ್ತನ್ನೂ ಕೊಟ್ಟು ನೋಡಿದ್ದೆ: ತಿಂದಳು, ನಡುಗಿದಳು.

ಓಣಿಯ ಟಾಂಗಾ ಕಾಕಾನ ಕುದುರೆಯ ವಿಷಯವೂ ಹೇಳಬೇಕು. ಮೊದಲ ವರ್ಷ ಅವರು ಅದನ್ನು ಊರ ಹೊರಗೆ ಗೆಳೆಯರ ಹೊಲದಲ್ಲಿ ಕಟ್ಟಿ ಬಂದರು. ಸದ್ದು ಅಲ್ಲಿ ಕಡಿಮೆ, ಆದರೆ ಜಾಗ ಹೊಸದು, ಕುದುರೆ ಒಂಟಿ. ದೂರದಲ್ಲಿ ಹಾರಿದ ಒಂದು ರಾಕೆಟ್‌ಗೆ ಬೆದರಿ ಹಗ್ಗ ಕಿತ್ತುಕೊಂಡು ಕಾಲು ಕೊಯ್ದುಕೊಂಡಿತು. ಈಗ ತನ್ನ ಲಾಯದಲ್ಲೇ ಬಿಡುತ್ತಾರೆ, ಹಗ್ಗ ಕಟ್ಟದೆ, ಬಾಗಿಲಿಗೆ ಅಡ್ಡಗೋಲು ಹಾಕಿ. ಮುಂದೆ ಒಣ ಹುಲ್ಲು, ಪಕ್ಕಕ್ಕೆ ಅದರ ಜೊತೆಯ ಆಡು. ರಾತ್ರಿಯಿಡೀ ಬಲ್ಬ್ ಉರಿಯುತ್ತದೆ. ಒಳಗೆ ಬೆಳಕಿದ್ದರೆ ಹೊರಗಿನ ಮಿಂಚು ಅಷ್ಟಾಗಿ ಕಣ್ಣಿಗೆ ಹೊಡೆಯುವುದಿಲ್ಲ. "ಕಣ್ಣಿಗೆ ಪಟ್ಟಿ ಕಟ್ಟಿದರ ಹೆಂಗ ಕಾಕಾ?" ಅಂತ ಕೇಳಿದ್ದೆ. "ಸದ್ದು ಎಲ್ಲಿಂದ ಬರ್ತೈತಿ ಅಂತ ಕಾಣಲಿಕ್ಕಂದ್ರ ಮತ್ತಿಷ್ಟು ಬೆದರ್ತೈತೋ ತಮ್ಮಾ" ಅಂದರು.

ಈ ವರ್ಷ ಕೂಲರ್ ಮೋಟರ್ ಕಟಕಟ ಅನ್ನುತ್ತಿದೆ. ರಿಪೇರಿಗೆ 350 ರೂಪಾಯಿ ಕೇಳಿದ್ದಾರೆ. ನೀರು ತುಂಬುವ ಹಬ್ಬಕ್ಕೆ ಮೊದಲೇ ಮಾಡಿಸುತ್ತೇನೆ, ಚಿಗರಿಯ ಕೊರಳ ಪಟ್ಟಿಗೆ ನಮ್ಮ ಫೋನ್ ನಂಬರ್ ಹೊಲಿಸುವುದೂ ಅವತ್ತೇ.